ಆಂಟಿಬಯೊಟಿಕ್ ಒಡೆಯೋಕೆ ಯಾವ ಪುಡಿ? ಡೋಪ್ ಮಾಡಿದ ಫೋಟೊಕ್ಯಾಟಲಿಸ್ಟ್‌ಗಳ ಹೋಲಿಕೆ

ಎಂ.ಎಸ್ಸಿ. ಪ್ರಾಜೆಕ್ಟ್‌ನವರು, ಪಿಎಚ್‌.ಡಿ. ಮೊದಲ ವರ್ಷದವರು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. "ನೀರಲ್ಲಿರೋ ಆಂಟಿಬಯೊಟಿಕ್ ಒಡೆಯೋ ನ್ಯಾನೊ ಪುಡಿ ಮಾಡು ಅಂತ ಗೈಡ್ ಹೇಳಿದ್ದಾರೆ. ಟೈಟಾನಿಯಾ (ಟೈಟಾನಿಯಂ ಡೈಆಕ್ಸೈಡ್) ಹಳೇದಾಯ್ತು ಅಂತಾರೆ. ಜಿಂಕ್ ಆಕ್ಸೈಡ್ ಎಲ್ಲರೂ ಮಾಡ್ತಾರೆ. ಕ್ಯಾಡ್ಮಿಯಂ ಸಲ್ಫೈಡ್ ಬಿಸಿಲಲ್ಲೇ ಕೆಲಸ ಮಾಡುತ್ತಂತೆ. ಯಾವುದು ತಗೊಳ್ಳಲಿ, ಏನು ಡೋಪ್ ಮಾಡಲಿ?"

ಫೋಟೊಕ್ಯಾಟಲಿಸ್ಟ್ ಅಂದರೆ ಬೆಳಕು ಹೀರಿ, ಆ ಶಕ್ತಿಯಿಂದ ನೀರಲ್ಲಿರುವ ಅಣುಗಳನ್ನು ಒಡೆಯುವ ಪುಡಿ. ಡೋಪ್ ಮಾಡುವುದು ಅಂದರೆ ಅದರ ಹರಳಿಗೆ ಬೇರೆ ಧಾತುವನ್ನು ಸ್ವಲ್ಪವೇ ಸೇರಿಸುವುದು. ಪುಡಿಯನ್ನು ಮೊದಲು ಆರಿಸಿ, ಆಮೇಲೆ ದೀಪ, ನೀರು, ಅಳತೆ ಹುಡುಕುವುದು ನಮ್ಮಲ್ಲಿ ರೂಢಿ. ಅದನ್ನು ತಿರುಗಿಸಿಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ನಿಮ್ಮ ಹತ್ತಿರ ಯಾವ ಬೆಳಕಿದೆ, ಯಾವ ನೀರನ್ನು ಶುದ್ಧ ಮಾಡಬೇಕು, ಔಷಧ ನಿಜವಾಗಿ ಒಡೆದಿದೆಯಾ ಅಂತ ಹೇಗೆ ನೋಡುತ್ತೀರಿ. ಈ ಮೂರಕ್ಕೆ ಉತ್ತರ ಸಿಕ್ಕರೆ ಪುಡಿ ತಾನಾಗೇ ಗೊತ್ತಾಗುತ್ತದೆ.

ಈ ಕೆಲಸ ಸುಮ್ನೆ ಪೇಪರ್ ಬರೆಯೋಕೆ ಮಾತ್ರ ಇರುವುದಲ್ಲ. ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನಲ್ಲಿ ಔಷಧ ಕಾರ್ಖಾನೆಗಳ ಕೊಳಚೆ ಶುದ್ಧೀಕರಿಸುವ ಘಟಕದಿಂದ ಹೊರಬಂದ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೊಟಿಕ್ ಇದೆ ಎಂದು ಸ್ವೀಡನ್ನಿನ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು 2007ರಲ್ಲಿ ವರದಿ ಮಾಡಿದರು. ಶುದ್ಧೀಕರಣ ಆದ ಮೇಲಿನ ನೀರು ಅದು. ಆಂಟಿಬಯೊಟಿಕ್ ತಯಾರಿಕೆಯ ತ್ಯಾಜ್ಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪ್ರತ್ಯೇಕ ಮಾರ್ಗಸೂಚಿಯನ್ನೇ ಹೊರಡಿಸಿತು. ನಮ್ಮ ಬೀದರ್, ಯಾದಗಿರಿಯ ಕೈಗಾರಿಕಾ ಪ್ರದೇಶಗಳಲ್ಲೂ ಔಷಧ ಘಟಕಗಳಿವೆ. ಹಾಗಾಗಿ ಪ್ರಶ್ನೆ ಪಕ್ಕದ ಮನೆಯದೇ.

ಮೊದಲು ಅಳತೆಗೋಲು

ಬೆಳಕು. 1240 ಅನ್ನು ಬ್ಯಾಂಡ್‌ಗ್ಯಾಪ್‌ನಿಂದ (ಪುಡಿಯೊಳಗಿನ ಎಲೆಕ್ಟ್ರಾನ್ ಮೇಲಿನ ಮಟ್ಟಕ್ಕೆ ಹಾರಲು ಬೇಕಾದ ಶಕ್ತಿ, ಎಲೆಕ್ಟ್ರಾನ್ ವೋಲ್ಟ್ ಲೆಕ್ಕದಲ್ಲಿ) ಭಾಗಿಸಿ. ಆ ಪುಡಿ ಎಷ್ಟು ನ್ಯಾನೊಮೀಟರ್‌ವರೆಗಿನ ಬೆಳಕು ಹೀರುತ್ತದೆ ಅನ್ನೋದು ಸಿಗುತ್ತದೆ. ಅನಟೇಸ್ ಟೈಟಾನಿಯಾಗೆ 3.2 ಎಲೆಕ್ಟ್ರಾನ್ ವೋಲ್ಟ್, ಅಂದರೆ ಸುಮಾರು 387 ನ್ಯಾನೊಮೀಟರ್. ಅದು ಪೂರ್ತಿ ನೇರಳಾತೀತದ ಕಡೆ. ಬಿಸಿಲಿನ ಶಕ್ತಿಯಲ್ಲಿ ಈ ಭಾಗ ಶೇ. 5ರ ಆಸುಪಾಸು ಮಾತ್ರ. ಡೋಪಿಂಗ್‌ನ ದೊಡ್ಡ ಆಸೆ ಇಲ್ಲಿಂದಲೇ ಹುಟ್ಟಿದ್ದು: ಉಳಿದ ಬೆಳಕಿನಲ್ಲಿ ಒಂದಿಷ್ಟನ್ನಾದರೂ ಹಿಡಿಯಬೇಕು.

ಹಿಡಿದರೆ ಸಾಲದು. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಮೇಲೆ ಹಾರುತ್ತದೆ, ಕೆಳಗೆ ಅದರ ಖಾಲಿ ಜಾಗ, ಅಂದರೆ ಹೋಲ್, ಉಳಿಯುತ್ತದೆ. ಇವೆರಡೂ ಕಣದ ಮೇಲ್ಮೈಗೆ ಬಂದು ಆಮ್ಲಜನಕವನ್ನೂ ನೀರನ್ನೂ ಮುಟ್ಟಬೇಕು. ದಾರಿಯಲ್ಲೇ ಒಂದಕ್ಕೊಂದು ಸೇರಿಬಿಟ್ಟರೆ ಬೆಳಕು ಬರೀ ಬಿಸಿಯಾಗಿ ಹೋಗುತ್ತದೆ. ಡೋಪ್ ಮಾಡಿದ ಅಯಾನು ಸ್ವಲ್ಪವೇ ಇದ್ದರೆ ಒಂದನ್ನು ಹಿಡಿದಿಟ್ಟು ಇನ್ನೊಂದಕ್ಕೆ ದಾರಿ ಕೊಡುತ್ತದೆ. ಜಾಸ್ತಿ ಆದರೆ ಅದೇ ಎರಡನ್ನೂ ಕೂಡಿಸುವ ಜಾಗವಾಗುತ್ತದೆ. ಹಾಗಾಗಿ ಪುಡಿಯ ಬಣ್ಣ ಗಾಢವಾಯಿತು ಅಂದ ಮಾತ್ರಕ್ಕೆ ಕೆಲಸ ಚೆನ್ನಾಯಿತು ಅಂತಲ್ಲ. ಈ ಒಂದು ಮಾತು ನೆನಪಿದ್ದರೆ ಅರ್ಧ ಪೇಪರ್‌ಗಳನ್ನು ಅನುಮಾನದಿಂದ ಓದುವುದು ಬರುತ್ತದೆ.

ಒಡೆಯುವ ಬಲ. ಬ್ಯಾಂಡ್‌ಗ್ಯಾಪ್ ಎಷ್ಟು ಅನ್ನುವಷ್ಟೇ ಮುಖ್ಯ, ಅದು ಎಲ್ಲಿ ಕೂತಿದೆ ಅನ್ನುವುದು. ಹೋಲ್ ಆಳದಲ್ಲಿದ್ದರೆ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಬರುತ್ತದೆ. ಅದು ಸಿಕ್ಕಿದ್ದನ್ನೆಲ್ಲ ಒಡೆಯುತ್ತದೆ. ಹೋಲ್ ಮೇಲಿದ್ದರೆ ಆ ಬಲ ಇಲ್ಲ.

ಬಾಳಿಕೆ ಮತ್ತು ಕರಗುವಿಕೆ. ಔಷಧ ತೆಗೆಯಲು ಹೋಗಿ ನೀರಿಗೆ ಲೋಹ ಸೇರಿಸಿದರೆ ಏನು ಬಂತು?

ಕೊನೆಯದು ಅಳತೆ. ಸಿಪ್ರೊಫ್ಲಾಕ್ಸಾಸಿನ್ 275 ನ್ಯಾನೊಮೀಟರ್ ಹತ್ತಿರ, ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯೊಟಿಕ್ 357ರ ಹತ್ತಿರ ಬೆಳಕು ಹೀರುತ್ತದೆ. ಕಾಲೇಜಿನ ಯುವಿ-ವಿಸಿಬಲ್ ಸ್ಪೆಕ್ಟ್ರೊಮೀಟರಿನಲ್ಲೇ ಕಾಣುತ್ತದೆ. ಆದರೆ ಒಡೆದ ತುಣುಕುಗಳೂ ಹತ್ತಿರದಲ್ಲೇ ಹೀರುತ್ತವೆ. ಎಚ್‌ಪಿಎಲ್‌ಸಿ (ದ್ರಾವಣದಲ್ಲಿರುವ ಪದಾರ್ಥಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇದ್ದರೆ ಮಾತ್ರ ನಂಬಿಕೆಯಿಂದ ಹೇಳಬಹುದು. ಅಣು ಪೂರ್ತಿ ಇಂಗಾಲದ ಡೈಆಕ್ಸೈಡ್ ಆಯಿತಾ ಅಂತ ತಿಳಿಯಲು ಟಿಒಸಿ (ನೀರಿನಲ್ಲಿ ಉಳಿದ ಒಟ್ಟು ಸಾವಯವ ಇಂಗಾಲದ ಅಳತೆ) ಬೇಕು. ಇವೆಲ್ಲ ನಿಮಗೆ ಸಿಗುತ್ತವಾ ಅನ್ನುವುದು ಪುಡಿಯ ಆಯ್ಕೆಯನ್ನೇ ಬದಲಿಸುತ್ತದೆ. ಹೇಗೆ ಅಂತ ಜಿಂಕ್ ಆಕ್ಸೈಡ್ ಹತ್ತಿರ ಹೇಳುತ್ತೇನೆ.

ಟೈಟಾನಿಯಾ: ಹಳೆಯದು, ಆದರೆ ಹಳಸಿಲ್ಲ

1972ರಲ್ಲಿ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಾ ಮೇಲೆ ಬೆಳಕು ಬಿಟ್ಟು ನೀರನ್ನು ವಿಭಜಿಸಿದಾಗಿನಿಂದ ಈ ಪುಡಿಯ ಮೇಲೆ ಆಗಿರುವಷ್ಟು ಕೆಲಸ ಬೇರೆ ಯಾವುದರ ಮೇಲೂ ಆಗಿಲ್ಲ. ಆಮ್ಲದಲ್ಲಿ, ಕ್ಷಾರದಲ್ಲಿ ಸುಲಭಕ್ಕೆ ಕರಗುವುದಿಲ್ಲ. ವಿಷವಲ್ಲ. ಹೋಲ್‌ಗೆ ಬಲ ಚೆನ್ನಾಗಿದೆ. ಕೊರತೆ ಒಂದೇ, ಮೇಲೆ ಹೇಳಿದ ಬೆಳಕು.

ಅದಕ್ಕೆ ಮುಖ್ಯವಾಗಿ ಎರಡು ದಾರಿ. ಒಂದು ನೈಟ್ರೋಜನ್. 2001ರಲ್ಲಿ ಜಪಾನಿನ ಅಸಾಹಿ ಮತ್ತು ಸಂಗಡಿಗರು ನೈಟ್ರೋಜನ್ ಸೇರಿಸಿದ ಟೈಟಾನಿಯಾ ಕಣ್ಣಿಗೆ ಕಾಣುವ ಬೆಳಕಿನಲ್ಲೂ ಕೆಲಸ ಮಾಡುತ್ತದೆ ಎಂದು ತೋರಿಸಿದ ಮೇಲೆ ಇದು ಓಡತೊಡಗಿತು. ಬಿಳಿ ಪುಡಿ ತಿಳಿ ಹಳದಿ ಆಗುತ್ತದೆ. ಕಾಲೇಜುಗಳಲ್ಲಿ ಯೂರಿಯಾ ಬೆರೆಸಿ 400-500 ಡಿಗ್ರಿಯಲ್ಲಿ ಸುಡುವುದು ಸುಲಭದ ವಿಧಾನ. ಖರ್ಚು ಬಹಳ ಕಡಿಮೆ. ಆದರೆ ಒಂದು ತೊಡಕಿದೆ. ಯೂರಿಯಾ ಈ ಬಿಸಿಯಲ್ಲಿ ತಾನೇ ಕೂಡಿಕೊಂಡು ಹಳದಿ ಬಣ್ಣದ ಕಾರ್ಬನ್-ನೈಟ್ರೋಜನ್ ಪದಾರ್ಥವಾಗಿ ಕಣದ ಮೇಲೆ ಕೂರಬಹುದು. ಹಳದಿ ಕಂಡ ಕೂಡಲೇ ನೈಟ್ರೋಜನ್ ಹರಳಿನ ಒಳಗೆ ಹೋಯಿತು ಅನ್ನಬೇಡಿ. ಎಕ್ಸ್‌ಪಿಎಸ್ (ಮೇಲ್ಮೈಯ ಧಾತುಗಳನ್ನು ಎಕ್ಸ್-ಕಿರಣದಿಂದ ನೋಡುವ ಪರೀಕ್ಷೆ) ಮಾಡಿಸಿದರೆ ಸ್ವಲ್ಪ ಸುಳಿವು ಸಿಗುತ್ತದೆ. ಇನ್ನೊಂದು ವಿಷಯ: ನೈಟ್ರೋಜನ್ ಮಟ್ಟದಲ್ಲಿ ಹುಟ್ಟುವ ಹೋಲ್‌ಗೆ ಟೈಟಾನಿಯಾದ ಸ್ವಂತ ಹೋಲ್‌ನಷ್ಟು ಬಲ ಇಲ್ಲ. ಬೆಳಕು ಜಾಸ್ತಿ ಸಿಕ್ಕಿತು, ಒಡೆಯುವ ಬಲ ಕಡಿಮೆಯಾಯಿತು. ಲೆಕ್ಕ ಸರಿಹೋಯಿತು, ಅಷ್ಟೇ.

ಎರಡನೆಯದು ಕಬ್ಬಿಣ. ನನ್ನ ಒಲವು ಇದರ ಕಡೆ. ಕಾರಣ ಅಯಾನಿನ ಗಾತ್ರ. ಟೈಟಾನಿಯಂನ ತ್ರಿಜ್ಯ 0.605 ಆಂಗ್‌ಸ್ಟ್ರಮ್, ಫೆರಿಕ್ ಕಬ್ಬಿಣದ್ದು 0.645. ಜಾಗಕ್ಕೆ ಸರಿಯಾಗಿ ಕೂರುತ್ತದೆ. ಬೆಳ್ಳಿಯದು 1.15. ಅದು ಟೈಟಾನಿಯಂ ಜಾಗದಲ್ಲಿ ಕೂರುವ ಮಾತೇ ಇಲ್ಲ, ಮೇಲ್ಮೈ ಮೇಲೆ ಲೋಹದ ಚುಕ್ಕೆಯಾಗಿ ನಿಲ್ಲುತ್ತದೆ. ಅದೂ ಉಪಯೋಗಕ್ಕೆ ಬರುತ್ತದೆ, ಎಲೆಕ್ಟ್ರಾನ್ ಹಿಡಿದಿಡುತ್ತದೆ. ಆದರೆ ಅದನ್ನು ಡೋಪಿಂಗ್ ಅಂತ ಕರೆದರೆ ವೈವಾದಲ್ಲಿ ಸಿಕ್ಕಿಬೀಳುತ್ತೀರಿ. ಲ್ಯಾಂಥನಮ್, ಯುರೋಪಿಯಂ ಕತೆಯೂ ಹೀಗೇ. ದೊಡ್ಡ ಅಯಾನುಗಳು, ಹೆಚ್ಚಾಗಿ ಅಂಚಿನಲ್ಲೇ ಉಳಿಯುತ್ತವೆ.

ಎಷ್ಟು ಹಾಕಬೇಕು? 1994ರಲ್ಲಿ ಚೋಯ್, ಟರ್ಮಿನ್, ಹಾಫ್‌ಮನ್ 21 ಲೋಹದ ಅಯಾನುಗಳನ್ನು ಒಂದೇ ಕ್ರಮದಲ್ಲಿ ಟೈಟಾನಿಯಾಗೆ ಸೇರಿಸಿ ನೋಡಿದರು. ಕಬ್ಬಿಣ, ವನೇಡಿಯಂ, ಮಾಲಿಬ್ಡಿನಂ ಮುಂತಾದವು ಶೇ. 0.1ರಿಂದ 0.5ರ ಮಟ್ಟದಲ್ಲಿ ವೇಗ ಹೆಚ್ಚಿಸಿದವು. ಕೋಬಾಲ್ಟ್, ಅಲ್ಯೂಮಿನಿಯಂ ಇಳಿಸಿದವು. ಆ ಪ್ರಯೋಗ ಆಂಟಿಬಯೊಟಿಕ್ ಮೇಲೆ ಅಲ್ಲ, ನಿಜ. ಆದರೂ ಶುರುಮಾಡಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಶೇ. 5, 10 ಅಂತ ಹಾಕಿ ಇಟ್ಟಿಗೆ ಬಣ್ಣದ ಪುಡಿ ಮಾಡುವವರಿದ್ದಾರೆ. ಅಲ್ಲಿ ಡೋಪ್ ಆದ ಟೈಟಾನಿಯಾ ಎಷ್ಟಿದೆ, ಪಕ್ಕದಲ್ಲಿ ಬೇರೆಯೇ ಆಗಿ ಕೂತ ಐರನ್ ಆಕ್ಸೈಡ್ ಎಷ್ಟಿದೆ ಅಂತ ಹೇಳುವುದು ಕಷ್ಟ.

1 ಗ್ರಾಂ ಟೈಟಾನಿಯಾಗೆ ಶೇ. 0.5 ಕಬ್ಬಿಣ (ತೂಕದ ಲೆಕ್ಕವಲ್ಲ, ಪರಮಾಣುಗಳ ಲೆಕ್ಕ) ಅಂದರೆ ಫೆರಿಕ್ ನೈಟ್ರೇಟ್ ನೊನಾಹೈಡ್ರೇಟ್ ಬರೀ 25 ಮಿಲಿಗ್ರಾಂ. ಅದು ಗಾಳಿಯ ತೇವ ಎಳೆದುಕೊಂಡು ಅಂಟಂಟಾಗುವ ಉಪ್ಪು. ಪ್ರತಿ ಸಲ ತೂಗುವ ಬದಲು ಸ್ಟಾಕ್ ದ್ರಾವಣ ಮಾಡಿಟ್ಟು ಪಿಪೆಟ್‌ನಲ್ಲಿ ಹಾಕಿ. ಡೋಪಿಂಗ್ ಸರಣಿಯ ಗ್ರಾಫ್ ಹಾವಿನ ಹಾಗೆ ಹೊರಳುವುದಕ್ಕೆ ಎಷ್ಟೋ ಸಲ ಕಾರಣ ಭೌತಶಾಸ್ತ್ರ ಅಲ್ಲ, ತೂಕ.

ತಯಾರಿಗೆ ನಮ್ಮ ಕಡೆಯವರಿಗೆ ಒಂದು ಅನುಕೂಲ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಕೆ. ಸಿ. ಪಾಟೀಲ್ ಬೆಳೆಸಿದ ದ್ರಾವಣ ದಹನ ವಿಧಾನ ಇವತ್ತು ಕರ್ನಾಟಕದ ಎಷ್ಟೋ ವಿಶ್ವವಿದ್ಯಾಲಯಗಳ ಲ್ಯಾಬ್‌ಗಳಲ್ಲಿ ದಿನನಿತ್ಯದ ಕೆಲಸ. ಲೋಹದ ನೈಟ್ರೇಟ್, ಇಂಧನವಾಗಿ ಗ್ಲೈಸಿನ್ ಅಥವಾ ಯೂರಿಯಾ, ಸ್ವಲ್ಪ ನೀರು. ಬಟ್ಟಲನ್ನು ಮೊದಲೇ ಕಾದ ಮಫಲ್ ಫರ್ನೇಸ್‌ಗೆ ಇಡುತ್ತೀರಿ. ಕುದಿಯುತ್ತದೆ, ನೊರೆ ಏಳುತ್ತದೆ, ಕಂದು ಹೊಗೆ ಬರುತ್ತದೆ, ಒಂದು ಮೂಲೆಯಲ್ಲಿ ಕೆಂಡ ಹತ್ತಿ ಇಡೀ ಬಟ್ಟಲಿಗೆ ಹರಡುತ್ತದೆ. ಕ್ಷಣದಲ್ಲಿ ಹಗುರವಾದ, ಉಬ್ಬಿದ ಪುಡಿ ಉಳಿಯುತ್ತದೆ. ಅದೇ ಸಂಸ್ಥೆಯ ಎಂ. ಎಸ್. ಹೆಗಡೆ, ಗಿರಿಧರ್ ಮದ್ರಾಸ್ ತಂಡ ಗ್ಲೈಸಿನ್ ಬಳಸಿ ಈ ದಾರಿಯಲ್ಲಿ ಮಾಡಿದ ಟೈಟಾನಿಯಾದ ಬ್ಯಾಂಡ್‌ಗ್ಯಾಪ್ ಮಾಮೂಲಿಗಿಂತ ಕಡಿಮೆ ಇತ್ತು, ಬಣ್ಣಗಳನ್ನು ಒಡೆಯುವುದರಲ್ಲಿ ಅಂಗಡಿಯಲ್ಲಿ ಸಿಗುವ ಪಿ25 ಎಂಬ ಟೈಟಾನಿಯಾಗಿಂತ ಮುಂದಿತ್ತು. ಇಂಧನದ ಕಾರ್ಬನ್ ಹರಳಿನೊಳಗೆ ಸೇರಿದ್ದು ಅದಕ್ಕೆ ಅವರು ಕೊಟ್ಟ ಕಾರಣ. ಅಂದರೆ ದಹನ ವಿಧಾನದಲ್ಲಿ ನೀವು ಕೇಳದೆಯೇ ಒಂದು ಡೋಪಿಂಗ್ ಆಗಿಬಿಟ್ಟಿರುತ್ತದೆ. ಕಬ್ಬಿಣ ಹಾಕದ ಪುಡಿಯನ್ನೂ ಅದೇ ವಿಧಾನದಲ್ಲಿ ಮಾಡಿ ಹೋಲಿಸಬೇಕು.

ಟೈಟಾನಿಯಾ ಮಾಡಲು ಬಳಸುವ ಟೈಟಾನಿಯಂ ಐಸೊಪ್ರೊಪಾಕ್ಸೈಡ್ ದುಬಾರಿ, ತೇವ ತಾಗಿದರೆ ಬಿಳಿ ಗಟ್ಟಿಯಾಗುತ್ತದೆ. ಬಜೆಟ್ ಬಿಗಿ ಇದ್ದವರಿಗೆ ಚುಚ್ಚುವ ಜಾಗ ಇದೊಂದೇ.

ಜಿಂಕ್ ಆಕ್ಸೈಡ್: ಅಗ್ಗ, ಚುರುಕು, ಆದರೆ ಕರಗುತ್ತದೆ

ಬ್ಯಾಂಡ್‌ಗ್ಯಾಪ್ 3.3ರ ಆಸುಪಾಸು, ಇದಕ್ಕೂ ನೇರಳಾತೀತವೇ ಬೇಕು. ಎಲೆಕ್ಟ್ರಾನ್ ಓಡಾಟ ಟೈಟಾನಿಯಾಗಿಂತ ಸಲೀಸು. ಜಿಂಕ್ ನೈಟ್ರೇಟ್, ಅಸಿಟೇಟ್ ಎಲ್ಲ ಕಡೆ ಸಿಗುತ್ತವೆ. ಒಂದು ಸೆಮಿಸ್ಟರಿನಲ್ಲಿ ಮುಗಿಯಬೇಕಾದ ಪ್ರಾಜೆಕ್ಟ್‌ಗೆ ಇದಕ್ಕಿಂತ ಸುಲಭದ್ದು ಇಲ್ಲ. ಇದರ ಮೇಲ್ಮೈ ಪಿಎಚ್ 9ರವರೆಗೂ ಧನ ಆವೇಶದಲ್ಲಿರುತ್ತದೆ. ಪಿಎಚ್ 7 ದಾಟಿದ ಮೇಲೆ ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಮೆಲ್ಲಗೆ ಋಣದ ಕಡೆ ಸರಿಯುತ್ತವೆ. ಹಾಗಾಗಿ ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದನ್ನೇ ಒಡೆದದ್ದು ಅಂತ ಎಣಿಸದಿರಲು ಬೆಳಕು ಹಾಕುವ ಮೊದಲು ಕತ್ತಲಲ್ಲಿ ಅರ್ಧ ಗಂಟೆ ಕಲಕಬೇಕು.

ಈಗ ತೊಂದರೆಗಳು. ಜಿಂಕ್ ಆಕ್ಸೈಡ್ ಆಮ್ಲದಲ್ಲಿ ಕರಗುತ್ತದೆ, ಗಟ್ಟಿ ಕ್ಷಾರದಲ್ಲೂ ಕರಗುತ್ತದೆ. ಬೆಳಕಿನಲ್ಲಿ ತನ್ನದೇ ಹೋಲ್‌ನಿಂದ ತಾನೇ ಸವೆಯುತ್ತದೆ. ಆಮೇಲೆ ನಾಟಕ ಶುರು. ಕರಗಿದ ಜಿಂಕ್ ಟೆಟ್ರಾಸೈಕ್ಲಿನ್ ಜೊತೆ ಕೂಡಿಕೊಂಡು ಅದರ ಪೀಕ್ ಅನ್ನೇ ಸರಿಸುತ್ತದೆ. 357ರಲ್ಲಿ ಮಾತ್ರ ಅಳೆಯುವವನಿಗೆ ಔಷಧ ಕಡಿಮೆಯಾದ ಹಾಗೆ ಕಾಣಬಹುದು. ಔಷಧ ಒಡೆದ ಮೇಲಿನ ನೀರಿನಲ್ಲಿ ಇನ್ನೂ ಆಂಟಿಬಯೊಟಿಕ್ ಗುಣ ಇದೆಯಾ ಅಂತ ಇ. ಕೋಲೈ ಬ್ಯಾಕ್ಟೀರಿಯಾ ಬೆಳೆಸಿದ ತಟ್ಟೆಯಲ್ಲಿ ನೋಡಲು ಹೋದರೆ, ಜಿಂಕ್ ಅಯಾನು ತಾನೇ ಬ್ಯಾಕ್ಟೀರಿಯಾ ಕೊಲ್ಲಬಲ್ಲದು. ಬೆಳ್ಳಿ ಹಾಕಿದ ಪುಡಿಗಳಲ್ಲಂತೂ ಇದು ಇನ್ನೂ ಜಾಸ್ತಿ. ಎಚ್‌ಪಿಎಲ್‌ಸಿ ಇಲ್ಲದವರು ಜಿಂಕ್ ಆಕ್ಸೈಡ್ ಹಿಡಿದು ಟೆಟ್ರಾಸೈಕ್ಲಿನ್ ಮೇಲೆ ಹೋಗಬೇಡಿ ಅನ್ನುವುದು ಇದಕ್ಕೇ.

ಡೋಪಿಂಗ್‌ಗೆ ಮ್ಯಾಂಗನೀಸ್, ತಾಮ್ರ, ಕೋಬಾಲ್ಟ್ ಎಲ್ಲ ಗಾತ್ರದಲ್ಲಿ ಹೊಂದುತ್ತವೆ. ಕೋಬಾಲ್ಟ್ ಹಾಕಿದರೆ ಸುಂದರ ಹಸಿರು ಪುಡಿ ಬರುತ್ತದೆ. ಸ್ಪೆಕ್ಟ್ರಮ್ ತೆಗೆದರೆ 565, 610, 655ರ ಹತ್ತಿರ ಮೂರು ಗುಡ್ಡ. ಕೂಡಲೇ "ಕಾಣುವ ಬೆಳಕು ಹೀರುತ್ತದೆ, ಹಾಗಾಗಿ ಬಿಸಿಲಲ್ಲಿ ಕೆಲಸ ಮಾಡುತ್ತದೆ" ಅಂತ ಬರೆದುಬಿಡುತ್ತಾರೆ. ಆ ಗುಡ್ಡಗಳು ಕೋಬಾಲ್ಟ್ ಅಯಾನಿನೊಳಗೇ ನಡೆಯುವ ಎಲೆಕ್ಟ್ರಾನ್ ಜಿಗಿತ. ಅಲ್ಲಿಂದ ಓಡಾಡುವ ಎಲೆಕ್ಟ್ರಾನ್, ಹೋಲ್ ಹುಟ್ಟಬೇಕು ಅಂತೇನಿಲ್ಲ. ಬಣ್ಣ ಬಂತು, ಕೆಲಸ ಬಂತು ಅಂತ ತೋರಿಸಬೇಕಾದರೆ 420ಕ್ಕಿಂತ ಕೆಳಗಿನ ಬೆಳಕನ್ನು ಫಿಲ್ಟರ್ ಹಾಕಿ ತಡೆದು ಪ್ರಯೋಗ ಮಾಡಿ ತೋರಿಸಬೇಕು.

ಎಲೆಯ ರಸದಿಂದ ಮಾಡುವ "ಹಸಿರು ಸಿಂಥೆಸಿಸ್" ಬಗ್ಗೆಯೂ ಕೇಳುತ್ತಾರೆ. ಬೇವು, ತುಳಸಿ, ನುಗ್ಗೆ ಯಾವುದಾದರೂ ಆದೀತು, ಪುಡಿ ಬರುತ್ತದೆ. ಆದರೆ ಡೋಪಿಂಗ್ ಹೋಲಿಕೆಗೆ ನಾನು ಬೇಡ ಅನ್ನುತ್ತೇನೆ. ಎಲೆಯಲ್ಲೇ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಬ್ಬಿಣ ಇರುತ್ತವೆ, ಗಿಡದಿಂದ ಗಿಡಕ್ಕೆ ಬದಲಾಗುತ್ತವೆ. ಶೇ. 0.5 ಡೋಪ್ ಮಾಡಿದೆ ಅನ್ನುವ ಮಾತಿಗೆ ಅರ್ಥ ಉಳಿಯುವುದಿಲ್ಲ.

ಕ್ಯಾಡ್ಮಿಯಂ ಸಲ್ಫೈಡ್, ಮತ್ತು ಅದರ ತಮ್ಮ ಜಿಂಕ್ ಸಲ್ಫೈಡ್

ಬೆಳಕಿನ ವಿಷಯದಲ್ಲಿ ಕ್ಯಾಡ್ಮಿಯಂ ಸಲ್ಫೈಡ್ ಮೇಲಿನ ಎರಡಕ್ಕಿಂತ ಬಹಳ ಮುಂದೆ. 2.4 ಎಲೆಕ್ಟ್ರಾನ್ ವೋಲ್ಟ್, 515 ನ್ಯಾನೊಮೀಟರ್‌ವರೆಗೆ ಹೀರುತ್ತದೆ. ಡೋಪ್ ಮಾಡದೆಯೂ ಬಿಸಿಲಿಗೆ ಚುರುಕು. ಆದರೆ ಹೋಲ್‌ಗಳು ಸಲ್ಫೈಡನ್ನೇ ತಿನ್ನುತ್ತವೆ, ಕ್ಯಾಡ್ಮಿಯಂ ನೀರಿಗೆ ಬರುತ್ತದೆ.

ಒಂದು ಲೆಕ್ಕ ಹಾಕೋಣ. ಲೀಟರಿಗೆ ಅರ್ಧ ಗ್ರಾಂ ಪುಡಿ ಹಾಕುವುದು ಮಾಮೂಲಿ. ಅದರಲ್ಲಿ ಕ್ಯಾಡ್ಮಿಯಂ ಸುಮಾರು 389 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಅಂದರೆ ಪುಡಿಯ 1 ಲಕ್ಷದಲ್ಲಿ 1 ಭಾಗ ಕರಗಿದರೂ ಮಿತಿ ದಾಟಿತು. ಜಿಂಕ್‌ಗೆ ಅದೇ ಮಾನಕದಲ್ಲಿ 5 ಮಿಲಿಗ್ರಾಂವರೆಗೆ ಒಪ್ಪಿಗೆ ಇದೆ. ಅರ್ಧ ಗ್ರಾಂ ಜಿಂಕ್ ಆಕ್ಸೈಡ್‌ನಲ್ಲಿ ಶೇ. 1ಕ್ಕಿಂತ ಸ್ವಲ್ಪ ಜಾಸ್ತಿ ಕರಗುವವರೆಗೂ ತಡೆದುಕೊಳ್ಳಬಹುದು. ಕ್ಯಾಡ್ಮಿಯಂ ಸಲ್ಫೈಡ್‌ಗೆ ಯಾವ ಡೋಪಿಂಗ್, ಯಾವ ಕೋಟಿಂಗ್ ಹಾಕಿದರೂ ಈ ಅಂತರ ಮುಚ್ಚುವುದು ಕಷ್ಟ. ಕ್ವಾಂಟಂ ಡಾಟ್‌ಗಳ (ಗಾತ್ರ ಬದಲಾದರೆ ಬಣ್ಣವೂ ಬದಲಾಗುವ ಪುಟ್ಟ ಕಣಗಳು) ಭೌತಶಾಸ್ತ್ರ ಕಲಿಯಬೇಕೆಂದರೆ ಖಂಡಿತ ಮಾಡಿ, ಬಣ್ಣ ಕಣ್ಣೆದುರೇ ಬದಲಾಗುತ್ತದೆ. ನೀರಿಗೆ ಹಾಕುವ ಮಾತು ಬೇಡ.

ಮ್ಯಾಂಗನೀಸ್ ಡೋಪ್ ಮಾಡಿದ ಜಿಂಕ್ ಸಲ್ಫೈಡ್ ಸುರಕ್ಷಿತ ಬದಲಿ ಅಂತ ತೋರುತ್ತದೆ. ನೇರಳಾತೀತ ದೀಪದಡಿ ಕಿತ್ತಳೆ ಬಣ್ಣದಲ್ಲಿ ಹೊಳೆಯುವುದನ್ನು ನೋಡುವುದೇ ಚೆಂದ. ಆದರೆ ಹೊಳೆಯುವುದು ಅಂದರೆ ಎಲೆಕ್ಟ್ರಾನ್ ಮತ್ತು ಹೋಲ್‌ನ ಶಕ್ತಿ ಬೆಳಕಾಗಿ ಹೊರಹೋಗುವುದು. ಅದೇ ಶಕ್ತಿ ಔಷಧ ಒಡೆಯಲು ಸಿಗಲಿಲ್ಲ ಅಂತಾಯಿತು, ಅಲ್ವಾ? ಜೊತೆಗೆ ಬ್ಯಾಂಡ್‌ಗ್ಯಾಪ್ 3.6. ಔಷಧವನ್ನು ಪತ್ತೆ ಮಾಡುವ ಸೆನ್ಸರ್‌ಗೆ ಇದು ಒಳ್ಳೆಯ ಪುಡಿ, ಒಡೆಯಲು ಅಲ್ಲ.

ಕಣ ಚಿಕ್ಕದಾದಷ್ಟೂ ಒಳ್ಳೆಯದು ಅನ್ನುವ ನಂಬಿಕೆಯನ್ನೂ ಇಲ್ಲೇ ಸರಿಮಾಡಿಕೊಳ್ಳಿ. ಕೆಲವೇ ನ್ಯಾನೊಮೀಟರ್‌ಗೆ ಇಳಿದರೆ ಮೇಲ್ಮೈ ಹೆಚ್ಚುತ್ತದೆ, ಜೊತೆಗೆ ಬ್ಯಾಂಡ್‌ಗ್ಯಾಪ್ ಕೂಡ ಅಗಲವಾಗುತ್ತದೆ. ಡೋಪ್ ಮಾಡಿದ ಅಯಾನನ್ನು ಅಷ್ಟು ಚಿಕ್ಕ ಹರಳು ಹೊರಗೆ ತಳ್ಳುವುದೂ ಇದೆ. 10ರಿಂದ 20 ನ್ಯಾನೊಮೀಟರ್ ಸಾಕು.

ಕಾರ್ಬನ್ ನೈಟ್ರೈಡ್, ಬಿಸ್ಮತ್ ವನೇಡೇಟ್

ಗ್ರಾಫಿಟಿಕ್ ಕಾರ್ಬನ್ ನೈಟ್ರೈಡ್ ಸರಿಯಾದ ಅರ್ಥದಲ್ಲಿ ನ್ಯಾನೊ ಹರಳಲ್ಲ, ಪದರ ಪದರದ ಪಾಲಿಮರ್. ಎಲ್ಲರೂ ಕೇಳುವುದರಿಂದ ಸೇರಿಸುತ್ತಿದ್ದೇನೆ. ಯೂರಿಯಾ ಅಥವಾ ಮೆಲಮಿನ್ ಅನ್ನು ಮುಚ್ಚಳ ಹಾಕಿದ ಕ್ರೂಸಿಬಲ್‌ನಲ್ಲಿ 550 ಡಿಗ್ರಿಗೆ ಕಾಯಿಸಿದರೆ ಹಳದಿ ಪುಡಿ ರೆಡಿ. ಲೋಹವೇ ಇಲ್ಲ, ಕರಗುವ ಭಯ ಇಲ್ಲ. 2.7 ಎಲೆಕ್ಟ್ರಾನ್ ವೋಲ್ಟ್, 460 ನ್ಯಾನೊಮೀಟರ್‌ವರೆಗೆ. ಅಗ್ಗದ ನೀಲಿ ಎಲ್‌ಇಡಿ ಸಾಕು. ಯೂರಿಯಾದಿಂದ ಬಂದದ್ದಕ್ಕೆ ಮೇಲ್ಮೈ ಜಾಸ್ತಿ, ಆದರೆ ಕೈಗೆ ಸಿಗುವುದು ತೀರಾ ಸ್ವಲ್ಪ. ಅಮೋನಿಯಾ ವಾಸನೆಗೆ ಫ್ಯೂಮ್ ಹುಡ್ ಬೇಕೇ ಬೇಕು. ಗಂಧಕ, ರಂಜಕ ಡೋಪ್ ಮಾಡಿದರೆ ಬೆಳಕು ಹೀರುವುದು ಸುಧಾರಿಸುತ್ತದೆ.

ಇದರ ದುರ್ಬಲ ಜಾಗ ಹೋಲ್. ನೀರಿನಿಂದ ನೇರವಾಗಿ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುವಷ್ಟು ಬಲ ಅದಕ್ಕಿಲ್ಲ. ಮುಖ್ಯವಾಗಿ ಸೂಪರಾಕ್ಸೈಡ್ (ಆಮ್ಲಜನಕ ಒಂದು ಎಲೆಕ್ಟ್ರಾನ್ ಪಡೆದು ಆಗುವ ಅಯಾನು) ಮೇಲೆ ಕೆಲಸ ನಡೆಯುತ್ತದೆ. ಟೆಟ್ರಾಸೈಕ್ಲಿನ್ ಬಣ್ಣ ಬೇಗ ಹೋಗುತ್ತದೆ, ಟಿಒಸಿ ನೋಡಿದರೆ ಇಂಗಾಲ ಇನ್ನೂ ನೀರಲ್ಲೇ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್‌ನಲ್ಲೂ ಅಷ್ಟೇ. ಪಕ್ಕದ ಪಿಪರಜಿನ್ ಉಂಗುರ ಮುರಿದು ನಡುವಿನ ಕ್ವಿನೊಲೋನ್ ಭಾಗ ಉಳಿದರೆ ಬ್ಯಾಕ್ಟೀರಿಯಾ ಕೊಲ್ಲುವ ಗುಣವೂ ಒಂದಿಷ್ಟು ಉಳಿಯಬಹುದು. ಒಳ್ಳೆಯ ಸುದ್ದಿ ಏನೆಂದರೆ, ಲೋಹ ಇಲ್ಲದ್ದರಿಂದ ಇ. ಕೋಲೈ ತಟ್ಟೆಯ ಪರೀಕ್ಷೆಯನ್ನು ಇಲ್ಲಿ ನಂಬಬಹುದು.

ಬಿಸ್ಮತ್ ವನೇಡೇಟ್‌ಗೂ 2.4, ಕ್ಯಾಡ್ಮಿಯಂ ಇಲ್ಲದ ಹಳದಿ. ಹೋಲ್ ಬಲ ಚೆನ್ನಾಗಿದೆ, ಎಲೆಕ್ಟ್ರಾನ್‌ಗೆ ಆಮ್ಲಜನಕವನ್ನು ಸೂಪರಾಕ್ಸೈಡ್ ಮಾಡುವ ಶಕ್ತಿ ಇಲ್ಲ. ಟಂಗ್‌ಸ್ಟನ್, ಮಾಲಿಬ್ಡಿನಂ ಡೋಪಿಂಗ್ ವಿದ್ಯುತ್ ಹರಿವನ್ನು ಸುಧಾರಿಸುತ್ತದೆ, ಈ ಕೊರತೆಯನ್ನು ಅಲ್ಲ. ಪರ್‌ಸಲ್ಫೇಟ್ ಅಥವಾ ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬಳಸುವ ಯೋಜನೆ ಇದ್ದರೆ ಮಾತ್ರ ಹೋಗಿ.

ಹಾಗಾದರೆ ಯಾರಿಗೆ ಯಾವುದು?

ನಾಲ್ಕು ತಿಂಗಳ ಪ್ರಾಜೆಕ್ಟ್, ಕೈಯಲ್ಲಿ ಯುವಿ-ವಿಸಿಬಲ್ ಮತ್ತು ಎಕ್ಸ್‌ಆರ್‌ಡಿ (ಹರಳಿನ ರಚನೆ ನೋಡುವ ಯಂತ್ರ) ಮಾತ್ರ: ಮ್ಯಾಂಗನೀಸ್ ಡೋಪ್ ಮಾಡಿದ ಜಿಂಕ್ ಆಕ್ಸೈಡ್, ಸಿಪ್ರೊಫ್ಲಾಕ್ಸಾಸಿನ್, ಪಿಎಚ್ 7ರಿಂದ 8, 365 ನ್ಯಾನೊಮೀಟರ್ ಎಲ್‌ಇಡಿ. ಬಿಸಿಲು ಬೇಡ. ಸಿಪ್ರೊಫ್ಲಾಕ್ಸಾಸಿನ್ ಪುಡಿ ಇಲ್ಲದೆಯೂ ಬಿಸಿಲಿಗೆ ತಾನೇ ಒಡೆಯುತ್ತದೆ. ಪುಡಿ ಹಾಕದ ಬೀಕರ್ ಒಂದನ್ನು ಪಕ್ಕದಲ್ಲಿ ಇಡದಿದ್ದರೆ ಪ್ರಯೋಗಕ್ಕೆ ಅರ್ಥವಿಲ್ಲ.

ಪಿಎಚ್‌.ಡಿ., ಎಚ್‌ಪಿಎಲ್‌ಸಿ ಸಿಗುತ್ತದೆ, ಮೂರ್ನಾಲ್ಕು ವರ್ಷ ಇದೆ: ದಹನ ವಿಧಾನದ ಕಬ್ಬಿಣ-ಟೈಟಾನಿಯಾ. 0, 0.25, 0.5, 1, 2 ಶೇಕಡಾ. ಪ್ರತಿ ಹಂತದಲ್ಲೂ ಪಿ25 ಜೊತೆ ಹೋಲಿಕೆ. ಬಟ್ಟಿ ಇಳಿಸಿದ ನೀರಿನಲ್ಲಿ ಬಂದ ವೇಗವನ್ನು ನಿಮ್ಮ ಊರಿನ ಬೋರ್‌ವೆಲ್ ನೀರಿನಲ್ಲಿ ಮತ್ತೆ ಅಳೆಯಿರಿ. ಬೈಕಾರ್ಬೊನೇಟ್ ಹೈಡ್ರಾಕ್ಸಿಲ್ ರ‍್ಯಾಡಿಕಲ್‌ಗಳನ್ನು ನುಂಗುತ್ತದೆ, ವೇಗ ಇಳಿಯುತ್ತದೆ. ಆ ಇಳಿದ ಸಂಖ್ಯೆಯೇ ನಿಮ್ಮ ಥೀಸಿಸ್‌ನ ಬೆಲೆಯುಳ್ಳ ಪುಟ. ಮೆಥಿಲಿನ್ ಬ್ಲೂ ಬಣ್ಣವನ್ನು ಮಾತ್ರ ಒಡೆದು ಆಂಟಿಬಯೊಟಿಕ್‌ಗೂ ಆಗುತ್ತದೆ ಅನ್ನಬೇಡಿ. ಬಣ್ಣ ತಾನೇ ಬೆಳಕು ಹೀರಿ ಪುಡಿಗೆ ಎಲೆಕ್ಟ್ರಾನ್ ಕೊಡುತ್ತದೆ. ಟೆಟ್ರಾಸೈಕ್ಲಿನ್ ಕೂಡ ಹೀಗೆ ಮಾಡಬಲ್ಲದು. ಅದಕ್ಕೇ ಕಾಣುವ ಬೆಳಕಿನ ಪರೀಕ್ಷೆಗೆ ಸಿಪ್ರೊ ಅಥವಾ ಸಲ್ಫಮೆಥಾಕ್ಸಜೋಲ್ ಮೇಲು.

ದುಡ್ಡೇ ಇಲ್ಲ, ಫರ್ನೇಸ್ ಇದೆ, ನೀಲಿ ಎಲ್‌ಇಡಿ ಪಟ್ಟಿ ತರಬಹುದು: ಗಂಧಕ ಡೋಪ್ ಮಾಡಿದ ಕಾರ್ಬನ್ ನೈಟ್ರೈಡ್. ಟಿಒಸಿ ಬೇರೆ ಕಡೆ ಮಾಡಿಸಲು ಒಂದಿಷ್ಟು ಹಣ ತೆಗೆದಿಡಿ.

ಇನ್ನು ಆಸ್ಪತ್ರೆಯ ಅಥವಾ ಕಾರ್ಖಾನೆಯ ಕೊಳಚೆ ಘಟಕ ನೋಡಿಕೊಳ್ಳುವವರು. ನಿಮಗೆ ಈ ಪುಡಿಗಳಲ್ಲಿ ಯಾವುದೂ ಈಗಲೇ ಬೇಡ. ನಮ್ಮ ಲ್ಯಾಬ್ ಲೆಕ್ಕವನ್ನೇ ನೋಡಿ: 100 ಮಿಲಿಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಔಷಧ, ಅದನ್ನು ಒಡೆಯಲು 50 ಮಿಲಿಗ್ರಾಂ ಪುಡಿ. ಆಸ್ಪತ್ರೆಯ ನೀರಿನಲ್ಲಿ ಔಷಧ ಇನ್ನೂ ಎಷ್ಟೋ ಪಟ್ಟು ಕಡಿಮೆ, ಆದರೆ ರ‍್ಯಾಡಿಕಲ್ ನುಂಗುವ ಬೇರೆ ಕೊಳೆ ಎಷ್ಟೋ ಪಟ್ಟು ಜಾಸ್ತಿ. 20 ನ್ಯಾನೊಮೀಟರ್ ಕಣ ಫಿಲ್ಟರ್ ಪೇಪರಿನಲ್ಲಿ ನಿಲ್ಲುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿ ಟ್ಯಾಂಕರ್‌ಗಟ್ಟಲೆ ನೀರು ಸೋಸಲಾಗುವುದಿಲ್ಲ. ಗಾಜಿನ ಮಣಿಗೆ ಅಂಟಿಸಿದರೆ ಕಣ ಉಳಿಯುತ್ತದೆ, ವೇಗ ಇಳಿಯುತ್ತದೆ. ಸದ್ಯಕ್ಕೆ ಜೈವಿಕ ಶುದ್ಧೀಕರಣ ಆದ ಮೇಲಿನ ಹಂತವಾಗಿ ಓಜೋನ್ ಅಥವಾ ಆಕ್ಟಿವೇಟೆಡ್ ಕಾರ್ಬನ್ ಹಾಕಿಸಿ. ಯಾರಾದರೂ ನ್ಯಾನೊ ಪುಡಿ ಮಾರಲು ಬಂದರೆ ಎರಡು ಕೇಳಿ: ನಮ್ಮದೇ ನೀರಿನಲ್ಲಿ ಪರೀಕ್ಷೆ ಮಾಡಿದ್ದೀರಾ, ಹತ್ತು ಸಲ ಬಳಸಿದ ಮೇಲೆ ನೀರಿನಲ್ಲಿ ಎಷ್ಟು ಲೋಹ ಸಿಕ್ಕಿತು?